ಎದುರು ಗಾಳಿಯ ಐದು ಕಿಲೋಮೀಟರ್

ಬೈಲಹೊಂಗಲ
ಆಗಸ್ಟ್ 16

ನನ್ನ ಮುದ್ದಿನ ಮಗಳಿಗೆ,

ನಿನ್ನೆ ಹತ್ತು ಕಿಲೋಮೀಟರ್ ಓಟ ಮುಗಿಸಿದ ಮೇಲೆ ಫೋನಿನಲ್ಲಿ ನೀನು "ಎಷ್ಟು ನಿಮಿಷ ಆಯ್ತವ್ವಾ?" ಅಂತ ಕೇಳಿದೆ. 74 ಅಂದೆ. ನೀನು ಸುಮ್ಮನಾದೆ. ಚಳಿಗಾಲದಲ್ಲಿ ಹತ್ತು ಕಿಲೋಮೀಟರನ್ನು 66 ನಿಮಿಷಕ್ಕೆ ಓಡಿದ್ದೆ ಅಲ್ವಾ, ಅದು ನಿನಗೆ ನೆನಪಿತ್ತು. ಅಷ್ಟರಲ್ಲಿ ನಿಮ್ಮಪ್ಪ ಫೋನ್ ಇಸ್ಕೊಂಡರು. ಹೇಳಬೇಕಾದದ್ದು ಹಾಗೇ ಉಳಿಯಿತು. ಮುಂದಿನ ತಿಂಗಳು ನಿನ್ನ ಮೊದಲ ಓಟ ಇದೆ, ಅದಕ್ಕೇ ಕೂತು ಬರೀತಿದ್ದೇನೆ.

ನಿನ್ನೆ ಬೆಳಿಗ್ಗೆ ಐದಕ್ಕೆ ಎದ್ದಾಗಲೇ ತಗಡಿನ ಮೇಲೆ ಮಳೆ ಸದ್ದು. ಜೋರು ಮಳೆ ಅಲ್ಲ, ಶ್ರಾವಣದ ಜಿಟಿಜಿಟಿ. ಗಾಳಿ ಮಾತ್ರ ಬಾಗಿಲು ತೆಗೆದರೆ ವಾಪಸ್ ದಬ್ಬುವಂಥದ್ದು. ಆರೂವರೆಗೆ ಬಿಡಬೇಕಿದ್ದ ಓಟ ಏಳೂಕಾಲಾದರೂ ಬಿಡಲಿಲ್ಲ, ಅತಿಥಿಗಳು ಬಂದಿರಲಿಲ್ಲ. ಚನ್ನಮ್ಮನ ಸಮಾಧಿಯ ಹತ್ತಿರ ಎಲ್ಲರೂ ತೋಯಿಸಿಕೊಂಡು ನಿಂತಿದ್ದೆವು. ಹೆಚ್ಚಿನವರು ಶಾಲೆ ಹುಡುಗರು. ನನ್ನ ವಯಸ್ಸಿನ ಹೆಂಗಸರು ಇಬ್ಬರೇ. ಎದೆಯ ನಂಬರು ಕಾಗದದ್ದು, ಪಿನ್ ಚುಚ್ಚಿದಲ್ಲೇ ಹರಿದು ಒಂದು ಮೂಲೆಯಿಂದ ಜೋತಾಡುತ್ತಿತ್ತು. ಓಟ ತಡ ಆದರೆ ನೀನು ಸುಮ್ನೆ ನಿಲ್ಲಬೇಡ, ಮೈ ತಣ್ಣಗಾಗಿ ಕಾಲು ಬಿಗಿಯುತ್ತವೆ. ನಾನು ನಿಂತಲ್ಲೇ ಕುಣಿದೆ, ತೋಳು ತಿರುಗಿಸಿದೆ. ಯಾರು ನೋಡಿದರೆ ಏನಂತೆ.

ಬೆಳಗಾವಿ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ ತಿರುಗಿ ಬರೋದು. ಮಳೆಗಾಲದ ಗಾಳಿ ನಮಗೆ ಪಡುವಣದಿಂದ ಬರುತ್ತದೆ, ಅಂದರೆ ಹೋಗುವಾಗ ಪೂರಾ ಮುಖಕ್ಕೆ. ಊರು ದಾಟುವ ತನಕ ಮನೆಗಳ ಮರೆ ಇತ್ತು. ಹುಮ್ಮಸ್ಸಿನಲ್ಲಿ ಮೊದಲ ಕಿಲೋಮೀಟರ್ ಆರೂಕಾಲು ನಿಮಿಷಕ್ಕೆ ಮುಗಿಸಿದೆ. ಅದು ನನ್ನ ತಪ್ಪು. ಸೋಯಾಬೀನ್ ಹೊಲ ಶುರುವಾದ ಕೂಡಲೇ ಗಾಳಿ ಎದೆಗೆ ಕೈ ಇಟ್ಟು ತಡೆಯಿತು. ಮೂರನೇ ಕಿಲೋಮೀಟರ್ ಎಂಟು ನಿಮಿಷ ದಾಟಿತು. ಟ್ರ್ಯಾಕ್ಟರುಗಳು ಹೊಲದ ಎರೆ ಮಣ್ಣನ್ನು ಡಾಂಬರಿನ ಮೇಲೆ ಹರವಿದ್ದವು. ಅದು ಬೂಟಿಗೆ ಹತ್ತಿದರೆ ಬಿಡುತ್ತದೆಯೇ? ಹೆಜ್ಜೆಹೆಜ್ಜೆಗೂ ದಪ್ಪ ಆಗುತ್ತಾ ಹೋಯಿತು. ಅಳು ಬಂದಂತಾಯಿತು, ನಿಜ.

ಅಲ್ಲೇ ವಾಚನ್ನು ಅಂಗಿಯ ತೋಳಿನೊಳಗೆ ಸರಿಸಿಬಿಟ್ಟೆ. ಇಂಥ ದಿನ ವಾಚು ನೋಡಿ ಓಡಿದರೆ ಅರ್ಧ ದಾರಿಗೇ ದಮ್ಮು ಮುಗಿಯುತ್ತದೆ. ಉಸಿರು ಕೇಳಿಕೊಂಡು ಓಡಬೇಕು. ನಾಲ್ಕು ಮಾತು ಆಡಲಿಕ್ಕೆ ಆಗುತ್ತಿದೆ ಅಂದರೆ ಸರಿಯಾಗಿ ಹೋಗುತ್ತಿದ್ದೀ ಅಂತ ಲೆಕ್ಕ. ಹೆಜ್ಜೆ ಚಿಕ್ಕದು ಮಾಡಿದೆ.

ಮುಂದೆ ಒಬ್ಬಳು ಹೈಸ್ಕೂಲ್ ಹುಡುಗಿ. ಬೂಟು ಬಿಚ್ಚಿ ಎರಡೂ ಕೈಯಲ್ಲಿ ಒಂದೊಂದು ಹಿಡಿದು ಬರಿಗಾಲಲ್ಲಿ ಓಡುತ್ತಿದ್ದಳು. "ಕಾಕು, ಗಾಳಿ ಭಾಳ ಐತ್ರಿ" ಅಂದಳು. "ನನ್ನ ಬೆನ್ನಿಗೆ ಬಾರವ್ವಾ, ಆಮ್ಯಾಲ ನೀ ಮುಂದ ಆಗು" ಅಂದೆ. ಕರೆಂಟ್ ಕಂಬ ಎಣಿಸಿ ಪಾಳಿ ಹಚ್ಚಿದೆವು. ಹತ್ತು ಕಂಬ ನಾನು ಮುಂದೆ, ಹತ್ತು ಕಂಬ ಅವಳು. ಅಷ್ಟು ತೆಳ್ಳಗಿನ ಹುಡುಗಿ, ಅವಳ ಹಿಂದೆ ಸರಿದರೆ ಕಿವಿಯಲ್ಲಿ ಗಾಳಿಯ ಸದ್ದೇ ಕಡಿಮೆ! ಅವಳ ಹಿಮ್ಮಡಿ ಇನ್ನೂ ಕಣ್ಣ ಮುಂದಿದೆ. ಕರಿ ಮಣ್ಣು ಹತ್ತುತ್ತಿತ್ತು, ಮುಂದಿನ ನೀರಿಗೆ ತೊಳೆದು ಹೋಗುತ್ತಿತ್ತು, ಮತ್ತೆ ಹತ್ತುತ್ತಿತ್ತು.

ಅವಳಿಗೆ ಫಡೆಪ್ಪ ಚೌಗುಲೆ ಅವರ ಕಥೆ ಹೇಳಿದೆ, ಉಸಿರಿಗೆ ಎರಡೆರಡು ಮಾತಿನ ಹಾಗೆ. ಬೆಳಗಾವಿಯವರು, 1920ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಹೋಗಿ ಮ್ಯಾರಥಾನ್ ಓಡಿದವರು, 19ನೆಯವರಾಗಿ ಬಂದವರು. ಆ ಸಲ ದಾರಿ 42.75 ಕಿಲೋಮೀಟರ್, ಈಗಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಜಾಸ್ತಿ. "ಖರೇನ್ರೀ? ನಮ್ಮ ಬೆಳಗಾವ್ಯಾವ್ರು?" ಅಂದಳು. ಆಮೇಲೆ ತನ್ನ ಪಾಳಿ ಮುಗಿದರೂ ಮುಂದೆಯೇ ಓಡಿದಳು.

ನಿನ್ನೆ ಸಂಗೊಳ್ಳಿ ರಾಯಣ್ಣನ ಹುಟ್ಟಿದ ದಿನವೂ ಹೌದಲ್ಲ. ತಿರುಗುವ ಜಾಗದಲ್ಲಿ ನೀರಿನ ಕ್ಯಾನು ಖಾಲಿ. ಪಕ್ಕದಲ್ಲೇ ಹುಡುಗರು ರಾಯಣ್ಣನ ಫೋಟೊ ಇಟ್ಟು ಪೂಜೆ ಮಾಡುತ್ತಿದ್ದರು. ಹಣೆಗೆ ಭಂಡಾರದ ಅರಿಶಿನ ಹಚ್ಚಿ ಅರ್ಧ ಕಪ್ ಚಹಾ ಕೊಟ್ಟರು. ಮಳೆಗೆ ಭಂಡಾರ ಹುಬ್ಬಿನಿಂದ ಇಳಿದು ಕಣ್ಣು ಉರಿಯಿತು. ಆ ಚಹಾದ ರುಚಿ ಮಾತ್ರ ಮರೆಯೋದಿಲ್ಲ.

ಬರುವಾಗ ಗಾಳಿ ಬೆನ್ನಿಗೆ, ಹಾರಿಕೊಂಡು ಬರುತ್ತೇನೆ ಅಂದುಕೊಂಡಿದ್ದೆ. ಎದುರು ಗಾಳಿ ಕಸಿದಷ್ಟನ್ನು ಬೆನ್ನಿನ ಗಾಳಿ ವಾಪಸ್ ಕೊಡೋದಿಲ್ಲ ಮಗಳೇ. ಹೋಗಲಿಕ್ಕೆ 38 ನಿಮಿಷ, ಬರಲಿಕ್ಕೆ 36. ಎಂಟನೇ ಕಿಲೋಮೀಟರಿನಲ್ಲಿ ಹುಡುಗಿಗೆ ನೀ ಮುಂದ ನಡಿ ಅಂದೆ. ನಾನು ಬಂದು ಮುಟ್ಟಿದಾಗ ಗೆರೆಯ ಹತ್ತಿರವೇ ಕಾಯುತ್ತಿದ್ದಳು, ಕೈಯಲ್ಲಿ ಇನ್ನೂ ಬೂಟು.

ಆ 74 ನಿಮಿಷ ನನಗೆ 66ಕ್ಕಿಂತ ಹೆಚ್ಚು ಖುಷಿ ಕೊಟ್ಟಿವೆ. ಇದನ್ನೇ ಫೋನಿನಲ್ಲಿ ಹೇಳಬೇಕಿತ್ತು.

ನಿನ್ನ ಓಟದ ದಿನ ಮಳೆ ಬಂದರೆ ಕಂಕುಳಿಗೆ, ಕಾಲ್ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಿಕೋ. ನಾನು ಮರೆತು ಕಂಕುಳು ಸುಲಿದುಕೊಂಡಿದ್ದೇನೆ. ಬೂಟಿನೊಳಗೆ ಪೇಪರ್ ತುರುಕಿ ನೆರಳಿನಲ್ಲಿ ಒಣಗಿಸು.

ಜನವರಿ 26ಕ್ಕೆ ಮತ್ತೆ ಓಟ ಇಡೋ ಮಾತಿದೆ. 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಅದೇ ದಿನ. ನೀನೂ ಬಾ, ಇಬ್ಬರೂ ಓಡೋಣ. ಆಗ ಗಾಳಿ ಮೂಡಣದಿಂದ, ವಾಪಸ್ ಬರುವಾಗ ಎದುರಾಗುತ್ತದೆ. ಹೋಗುವಾಗ ದಮ್ಮು ಉಳಿಸಿಕೊಳ್ಳಬೇಕು.

ನಿನ್ನ
ಅವ್ವ