ಶುಕ್ರವಾರದ ಮೀನು, ಶನಿವಾರದ ಅವಲಕ್ಕಿ

ಪ್ರೀತಿಯ ಸೀನ,

ಮೂರು ವಾರದಿಂದ ನಿನ್ನ ಫೋನ್ ಎತ್ತಿಲ್ಲ. ಕೋಪ ಬಂದಿರುತ್ತೆ, ಗೊತ್ತು. ಫೋನಿನಲ್ಲಿ ಹೇಳಲಾಗದ್ದು ಒಂದಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಯಾಕೆ ಅಂತ ಕೇಳಬೇಡ. ನಿನಗೊಬ್ಬನಿಗೇ ಬರೆದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ನಾಲ್ಕು ಜನ ನೋಡುತ್ತಿದ್ದರೆ ಮುಗಿಸಲೇಬೇಕಾಗುತ್ತೆ, ಅಲ್ವಾ?

ಮೊದಲು ಊಟದ ವಿಷಯ. ನಮ್ಮ ಸ್ನೇಹದಲ್ಲಿ ಯಾವತ್ತೂ ಅದೇ ಮೊದಲು.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನನ್ನ ಕೆಲಸ ಅಂದರೆ ಸುತ್ತಾಟ. ಚೀಸ್ ಫ್ಯಾಕ್ಟರಿಗಳ ಮೆಷಿನ್ ನೋಡಿಕೊಂಡು ಊರಿಂದ ಊರಿಗೆ ಕಾರು ಓಡಿಸುವುದು. ರಾತ್ರಿ ಯಾವುದೋ ಮೋಟೆಲ್. ಹೀಗೆ ತಿರುಗುವವನಿಗೆ ಇಲ್ಲಿ ಸಿಕ್ಕ ದೊಡ್ಡ ಸುಖ ಸಪ್ಪರ್ ಕ್ಲಬ್, ಅಂದರೆ ರಾತ್ರಿ ನಿಧಾನವಾಗಿ ಕೂತು ಉಣ್ಣುವ ಹೋಟೆಲ್. ಹೆಸರಲ್ಲಿ ಕ್ಲಬ್ ಇದ್ದರೂ ಮೆಂಬರ್ ಆಗಬೇಕಿಲ್ಲ, ಯಾರು ಬೇಕಾದರೂ ಹೋಗಬಹುದು. ಊರಾಚೆ ಹೆದ್ದಾರಿ ಪಕ್ಕವೋ ಕೆರೆ ದಂಡೆಯೋ ಇವುಗಳ ಜಾಗ. 1933ರಲ್ಲಿ ಅಮೆರಿಕದ ಪಾನನಿಷೇಧ ಮುಗಿದ ಮೇಲೆ ಇಂಥವು ಈ ಕಡೆ ಚೆನ್ನಾಗಿ ಬೇರು ಬಿಟ್ಟವು. ಮರದ ಹಲಗೆಯ ಗೋಡೆ, ಮಂದ ಬೆಳಕು. ಅವಸರ ಅನ್ನುವುದೇ ಇಲ್ಲ.

ಹೋದ ತಕ್ಷಣ ಟೇಬಲ್ಲಿಗೆ ಕೂರುವ ಹಾಗಿಲ್ಲ. ಮೊದಲು ಬಾರ್. ಅಲ್ಲಿ ಎಲ್ಲರೂ ಕೇಳುವುದು ಬ್ರಾಂಡಿ ಓಲ್ಡ್ ಫ್ಯಾಷನ್ಡ್ ಅನ್ನುವ ಕಾಕ್‌ಟೇಲ್. ಅಮೆರಿಕದ ಬೇರೆ ಕಡೆ ಇದನ್ನು ವಿಸ್ಕಿಯಲ್ಲಿ ಮಾಡುತ್ತಾರೆ, ಇಲ್ಲಿಯವರಿಗೆ ಬ್ರಾಂಡಿಯೇ ಆಗಬೇಕು. ಲೋಟದ ತಳಕ್ಕೆ ಸಕ್ಕರೆ ಬಿಲ್ಲೆ ಹಾಕಿ, ಅದರ ಮೇಲೆ ನಾಲ್ಕು ಹನಿ ಬಿಟರ್ಸ್ ಅನ್ನುವ ಕಹಿ ಸಾರ. ಒಂದು ಕಿತ್ತಳೆ ಹೋಳು, ಒಂದು ಚೆರ್ರಿ. ಆಮೇಲೆ ಮರದ ಕೋಲಿನಿಂದ ಜಜ್ಜುತ್ತಾರೆ. ಕಿತ್ತಳೆ ಸಿಪ್ಪೆಯ ಘಮ ಪಕ್ಕದವನ ತನಕ ಹೋಗುತ್ತೆ. ಐಸು, ಬ್ರಾಂಡಿ, ಮೇಲೆ ಸೆವೆನ್ ಅಪ್. ಆ ಲೋಟ ಹಿಡಿದುಕೊಂಡೇ ಊಟ ಹೇಳಬೇಕು. ಸಾಲಡ್ ಟೇಬಲ್ಲಿಗೆ ಬಂದ ಮೇಲೆ ನಿನ್ನನ್ನು ಕರೆಯುತ್ತಾರೆ. ಜೊತೆಗೆ ರೆಲಿಷ್ ಟ್ರೇ: ಕ್ಯಾರೆಟ್, ಮೂಲಂಗಿ, ಸೆಲರಿ, ಆಲಿವ್, ಉಪ್ಪಿನ ನೀರಲ್ಲಿ ಹಾಕಿದ ಸೌತೆ. ನಮ್ಮಲ್ಲಿ ಎಲೆಗೆ ಮೊದಲು ಉಪ್ಪು, ಕೋಸಂಬರಿ ಬರುವುದಿಲ್ವಾ, ಹಾಗೆ.

ಹೋದ ಬೇಸಿಗೆಯಲ್ಲಿ ಇಷ್‌ನಾಲಾ ಅನ್ನುವ ಸಪ್ಪರ್ ಕ್ಲಬ್ಬಿಗೆ ಹೋಗಿದ್ದೆ. ಲೇಕ್ ಡೆಲ್ಟನ್ ಹತ್ತಿರ, ಮಿರರ್ ಲೇಕ್ ದಂಡೆ ಮೇಲೆ 1953ರಿಂದ ನಡೆಯುತ್ತಿದೆ. ಪೈನ್ ಮರಗಳನ್ನು ಕಡಿಯದೆ ಕಟ್ಟಡವನ್ನೇ ಅವುಗಳ ಸುತ್ತ ಕಟ್ಟಿದ್ದಾರೆ. ಮರ ಚಾವಣಿ ತೂರಿಕೊಂಡು ಮೇಲೆ ಹೋಗಿದೆ! ಮುಂಗಡ ಟೇಬಲ್ ಕಾದಿರಿಸುವ ಹಾಗಿಲ್ಲ. ಎರಡು ಗಂಟೆ ಕಾದೆವು. ನೀನಿರಬೇಕಿತ್ತು ಕಣೋ.

ಈಗ ವಿಷಯಕ್ಕೆ ಬರುತ್ತೇನೆ.

ಈ ಕ್ಲಬ್ಬುಗಳಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಅಡುಗೆ. ಶನಿವಾರ ಪ್ರೈಮ್ ರಿಬ್ ಅನ್ನುವ ದನದ ಪಕ್ಕೆ ಮಾಂಸ, ಭಾನುವಾರ ಹೆಚ್ಚಾಗಿ ಕೋಳಿ. ಶುಕ್ರವಾರ ಮಾತ್ರ ಕರಿದ ಮೀನು, ಅದರಲ್ಲಿ ಮಾತೇ ಇಲ್ಲ. ಮೂರು ವಾರದ ಹಿಂದೆ ಒಂದು ಶುಕ್ರವಾರ ಸಣ್ಣ ಊರಿನ ಕ್ಲಬ್ಬೊಂದರಲ್ಲಿ ಕೂತಿದ್ದೆ. ಪಕ್ಕದಲ್ಲಿ ಅಜ್ಜ, ಅವರ ಪಕ್ಕ ಏಳೆಂಟು ವರ್ಷದ ಮೊಮ್ಮಗ. ತಲೆಗೆ ನೀರು ಹಚ್ಚಿ ಬಾಚಿ ಕರೆತಂದಿದ್ದರು. ಹುಡುಗ ಕಿಡ್ಡಿ ಕಾಕ್‌ಟೇಲ್ ಕೇಳಿದ, ಅಂದರೆ ಸೆವೆನ್ ಅಪ್‌ಗೆ ಕೆಂಪು ಸಿರಪ್ ಹಾಕಿ ಚೆರ್ರಿ ಇಟ್ಟಿದ್ದು. ಅಜ್ಜ ತನ್ನ ಲೋಟದ ಚೆರ್ರಿಯನ್ನೂ ಎತ್ತಿ ಅವನ ಲೋಟಕ್ಕೆ ಹಾಕಿದರು. ಇಬ್ಬರೂ ಮಾತಾಡಲಿಲ್ಲ. ಪ್ರತಿ ವಾರ ನಡೆಯುವುದೇ ಇರಬೇಕು.

ಬಾರಿನ ಹೆಂಗಸನ್ನು ಕೇಳಿದೆ, ಶುಕ್ರವಾರ ಮೀನೇ ಯಾಕೆ ಅಂತ. ಕ್ಯಾಥೊಲಿಕ್ಕರು ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ, ಇಲ್ಲಿಗೆ ಬಂದ ಜರ್ಮನರು, ಪೋಲಿಷರು ಆ ಪದ್ಧತಿ ಜೊತೆಗೇ ತಂದರು ಅಂದಳು. ಆದರೆ 1966ರಲ್ಲೇ ಅಮೆರಿಕದ ಬಿಷಪ್ಪರು ಆ ಕಟ್ಟನ್ನು ಸಡಿಲ ಮಾಡಿದರು. ಈಸ್ಟರ್ ಹಿಂದಿನ ಉಪವಾಸದ ದಿನಗಳು ಬಿಟ್ಟರೆ ಉಳಿದ ಶುಕ್ರವಾರ ಮಾಂಸ ತಿಂದರೂ ತಪ್ಪಿಲ್ಲ. "ನಾನು ಚರ್ಚಿಗೆ ಹೋಗಿ ಎಷ್ಟು ವರ್ಷವಾಯಿತೋ. ಶುಕ್ರವಾರದ ಮೀನು ಮಾತ್ರ ತಪ್ಪಿಸಿಲ್ಲ" ಅಂದಳು.

ಮೀನಿನ ಜೊತೆ ಆಲೂಗಡ್ಡೆ ತುರಿದು ಮಾಡಿದ ಪ್ಯಾನ್‌ಕೇಕ್ ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ. ಫೋರ್ಕ್ ಬಿಟ್ಟು ಕೈಯಲ್ಲೇ ಮುರಿದೆ. ಆ ಸದ್ದು ನಮ್ಮ ಮನೆಯ ಶನಿವಾರದ ದೋಸೆಯದ್ದು.

ನಿನಗೆ ಹೇಳಬೇಕಿಲ್ಲ. ಶನಿವಾರ ಅಪ್ಪನಿಗೆ ಒಪ್ಪತ್ತು. ಮನೆಯಲ್ಲಿ ಮೀನು, ಮಾಂಸ ಇಲ್ಲ, ರಾತ್ರಿ ಅನ್ನ ಇಲ್ಲ. ಹಾಗಾಗಿ ದೋಸೆ, ಕಾಯಿ ಚಟ್ನಿ. ಅಪ್ಪನ ಉಪವಾಸ ನಮಗೆ ಹಬ್ಬ. ನೀನು ಸರಿಯಾಗಿ ಏಳೂವರೆಗೆ ನೋಟ್ಸ್ ಕೇಳುವುದಕ್ಕೆ ಬರುತ್ತಿದ್ದೆಯಲ್ಲ.

ನಿನಗೆ ಗೊತ್ತಿಲ್ಲದ್ದು ಇದು. ಅಪ್ಪ ಸಹಕಾರ ಸಂಘಗಳ ಆಡಿಟ್‌ಗೆ ಸೊರಬ, ಸಾಗರ, ಶಿಕಾರಿಪುರ ಅಂತ ತಿರುಗುತ್ತಿದ್ದರು. ಒಮ್ಮೆ ರಜೆಯಲ್ಲಿ ನನ್ನನ್ನೂ ಸಾಗರಕ್ಕೆ ಕರೆದುಕೊಂಡು ಹೋಗಿದ್ದರು. ಶನಿವಾರ ರಾತ್ರಿ ಲಾಡ್ಜಿನಲ್ಲಿ ಕಾಲು ತೊಳೆದು ಬಂದು, ಮಂಚದ ಮೇಲೆ ಪೇಪರ್ ಹಾಸಿ, ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ಅವಲಕ್ಕಿ. ಒಂದು ಚೊಂಬು ನೀರು ತರಿಸಿ ನೆನೆಸಿದರು. ಬೆಲ್ಲವನ್ನು ಕೀ ಬಂಚಿನಿಂದ ಕುಟ್ಟಿ ಪುಡಿ ಮಾಡಿ ಬೆರೆಸಿದರು. ಎದುರಿಗೇ ಹೋಟೆಲ್ ಇತ್ತು. ನಾನು ಅತ್ತ ನೋಡಿದೆ. ಅವರು ಏನೂ ಹೇಳದೆ ಡಬ್ಬಿಯ ಮುಚ್ಚಳಕ್ಕೆ ನನ್ನ ಪಾಲು ಹಾಕಿದರು. ಅವರದ್ದಕ್ಕಿಂತ ಜಾಸ್ತಿ.

ಎರಡು ವರ್ಷದ ಹಿಂದೆ ಊರಿಗೆ ಬಂದಾಗ ಶನಿವಾರವಾಗಿತ್ತು. ಬೆಂಗಳೂರಿಂದ ಬರುವ ದಾರಿಯಲ್ಲಿ ಬಿರಿಯಾನಿ ತಿಂದೆ. ವಾರ ಯಾವುದು ಅಂತ ನೆನಪೇ ಆಗಲಿಲ್ಲ. ಮನೆ ಮುಟ್ಟಿದಾಗ ರಾತ್ರಿ ಹತ್ತು. ಅಮ್ಮ ಹಿಟ್ಟು ಮುಂದಿಟ್ಟುಕೊಂಡು ಕಾವಲಿ ಕಾಯಿಸುತ್ತಿದ್ದಳು. ಅಪ್ಪ ತಟ್ಟೆ ಮುಂದೆ ಕೂತಿದ್ದರು, ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ನಾನು ಊಟ ಆಯ್ತು ಅಂದೆ. ಏನು ತಿಂದೆ ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ರಯಾಣದಲ್ಲಿ ಎಲ್ಲಾ ನಡೆಯುತ್ತೆ ಬಿಡು" ಅಂದರು. ಒಂದೇ ದೋಸೆ ತಿಂದು ಎದ್ದು ಹೋದರು. ಆ ಕಾರ್ತಿಕದಲ್ಲಿ ತೀರಿಕೊಂಡರು. ಅವರ ಜೊತೆ ನನಗೆ ಸಿಕ್ಕ ಕೊನೆಯ ಶನಿವಾರ ಅದು.

ಪ್ರಯಾಣದಲ್ಲಿ ತಾನು ಒಮ್ಮೆಯೂ ಬಿಡದವರು ನನಗಾಗಿ ಆ ಮಾತು ಹೇಳಿದರು ಸೀನ. ಅಪ್ಪ ಹೋದ ಮೇಲೆ ನನ್ನ ತಮ್ಮ ಫೋನ್ ಮಾಡಿ ಅವರ ಶನಿವಾರದ ಒಪ್ಪತ್ತು ಯಾರು ಹಿಡಿಯೋದು ಅಂತ ಕೇಳಿದಾಗ, ಊರೂರು ತಿರುಗುವವನು ನಾನು, ನನ್ನ ಕೈಲಿ ಆಗಲ್ಲ ಅಂದೆ. ಅಪ್ಪ ಹೇಳಿದ ಆ ಮಾತನ್ನೇ ಅವರ ವ್ರತ ಬಿಡುವುದಕ್ಕೆ ಬಳಸಿಕೊಂಡೆ. ಆ ಮುರಿದ ಪ್ಯಾನ್‌ಕೇಕ್ ಕೈಯಲ್ಲಿ ಹಿಡಿದು ಕೂತಾಗ ಇದು ಹೊಳೆಯಿತು. ಗಂಟಲು ಕಟ್ಟಿತು. ಪಕ್ಕದ ಅಜ್ಜ ಮಾತಾಡದೆ ಟಿಶ್ಯೂ ಡಬ್ಬ ನನ್ನ ಕಡೆ ಸರಿಸಿದರು.

ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಇರಲಿ, ಬರೆದಾಯ್ತು.

ಮರುದಿನವೇ ಮ್ಯಾಡಿಸನ್‌ನ ಇಂಡಿಯನ್ ಅಂಗಡಿಯಿಂದ ಎರಡು ಪ್ಯಾಕೆಟ್ ಅವಲಕ್ಕಿ, ಒಂದು ಅಚ್ಚು ಬೆಲ್ಲ ತಂದೆ. ಈಗ ಅದು ಕಾರಿನಲ್ಲೇ ಇರುತ್ತೆ. ಮೂರು ಶನಿವಾರವಾಯಿತು. ಮೋಟೆಲ್ಲಿನ ಕಾಫಿ ಮೆಷಿನ್ ಬಿಸಿನೀರಿಗೆ ಅವಲಕ್ಕಿ ಬೇಗ ಮೆತ್ತಗಾಗುತ್ತೆ, ತಣ್ಣೀರೇ ಒಳ್ಳೆಯದು. ಬೆಲ್ಲ ಕುಟ್ಟುವುದಕ್ಕೆ ಕಾರಿನ ಕೀ ಸಾಲದು, ಏನಾದರೂ ಉಪಾಯ ಇದ್ದರೆ ಹೇಳು. ಶುಕ್ರವಾರದ ಮೀನು ಮಾತ್ರ ಬಿಟ್ಟಿಲ್ಲ. ಅದಕ್ಕೂ ಇದಕ್ಕೂ ಜಗಳವಿಲ್ಲ.

ಡಿಸೆಂಬರ್‌ಗೆ ಊರಿಗೆ ಬರುತ್ತಿದ್ದೇನೆ. ಶನಿವಾರ ದೋಸೆ ಹಾಕು ಅಂತ ಅಮ್ಮನಿಗೆ ಹೇಳಿದ್ದೇನೆ. ನೀನು ಬರುವ ವಿಷಯವನ್ನೂ ಹೇಳಿದೆ, ಹಾಗಾದರೆ ಹಿಟ್ಟು ಜಾಸ್ತಿ ರುಬ್ಬಬೇಕು ಅಂದಳು.

ಏಳೂವರೆಗೆ ಬಾ. ನೋಟ್ಸ್ ನೆಪ ಬೇಡ.

ನಿನ್ನ,
ಮೂರನೇ ಬೆಂಚು