ಒಂದೇ ತಂಡ ಗೆದ್ದರೆ ನೋಡೋದೇನು?

ಸಂಪಾದಕರೇ,

ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಶುರುವಾದರೆ ನಮ್ಮ ಮನೆಯಲ್ಲಿ ಬೆಣ್ಣೆದೋಸೆ ಬಾಜಿ. ಮಗ ಮ್ಯಾಂಚೆಸ್ಟರ್ ಸಿಟಿ ಕಡೆ, ನಾನು ಯಾರು ಬಡಪಾಯಿ ತಂಡವೋ ಅವರ ಕಡೆ. 2021ರಿಂದ 2024ರವರೆಗೆ ಸತತ 4 ಸಲ ಸಿಟಿಯೇ ಗೆದ್ದಿತು, ಆ 4 ವರ್ಷ ನಾನು ಎಷ್ಟು ದೋಸೆ ಕೊಡಿಸಿದೆನೋ ಆ ಹೋಟೆಲ್‌ನವರಿಗೇ ಗೊತ್ತು. ಜರ್ಮನಿ ಇನ್ನೂ ಜೋರು. ಅಲ್ಲಿ ಬಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಸತತ 11 ಸಲ!

ಗೆದ್ದವರು ಯುರೋಪಿನ ದೊಡ್ಡ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗ್‌ಗೆ ಹೋಗ್ತಾರೆ, ಅಲ್ಲಿ ಇನ್ನಷ್ಟು ದುಡ್ಡು ಬರುತ್ತೆ, ಆ ದುಡ್ಡಲ್ಲಿ ಸಣ್ಣ ಕ್ಲಬ್ಬಿನ ಒಳ್ಳೆ ಆಟಗಾರನನ್ನೇ ಎತ್ತಿಕೊಂಡು ಹೋಗ್ತಾರೆ, ಮತ್ತೆ ಗೆಲ್ತಾರೆ. 2017ರಲ್ಲಿ ಬ್ರೆಜಿಲ್ ಆಟಗಾರ ನೇಮಾರ್ ಒಬ್ಬನನ್ನು ಕೊಳ್ಳೋಕೇ ಪ್ಯಾರಿಸ್ ಕ್ಲಬ್ 22.2 ಕೋಟಿ ಯೂರೊ ಕೊಟ್ಟಿತು. ಅದರ ಜೊತೆ ಯಾರು ಪೈಪೋಟಿ ಮಾಡೋಕಾಗುತ್ತೆ?

ನಮ್ಮ ಐಪಿಎಲ್‌ನಲ್ಲಿ ಎಷ್ಟೇ ಶೋಕಿ ಇರಲಿ, 2025ರ ಹರಾಜಿಗೆ ಎಲ್ಲಾ ತಂಡಕ್ಕೂ 120 ಕೋಟಿಯ ಮಿತಿ ಇತ್ತು. ಅಮೆರಿಕದ ಫುಟ್‌ಬಾಲ್‌ನಲ್ಲಂತೂ (ಅದು ಬೇರೆ ಆಟ ಬಿಡಿ) ಸಂಬಳಕ್ಕೆ ಮಿತಿ ಇದೆ, ಹೊಸ ಹುಡುಗರನ್ನು ಆರಿಸುವಾಗ ಕೊನೇ ಸ್ಥಾನದ ತಂಡಕ್ಕೇ ಮೊದಲ ಸರದಿ. ಯುರೋಪಿನವರು ಇಂಥದ್ದೇನಾದರೂ ಮಾಡಬಾರದಾ?

ಇಂಗ್ಲೆಂಡಿನಲ್ಲೇ 2016ರಲ್ಲಿ ಸಣ್ಣ ತಂಡ ಲೆಸ್ಟರ್ ಸಿಟಿ ಗೆದ್ದಿತು ಅಂತ ಮಗ ವಾದ ಮಾಡ್ತಾನೆ. ಸರಿ, ಆದರೆ ಸೀಸನ್ ಶುರುವಲ್ಲಿ ಅವರ ಮೇಲೆ ಬಾಜಿ 1ಕ್ಕೆ 5000 ಇತ್ತು. 2023ರಲ್ಲಿ ಅದೇ ಲೆಸ್ಟರ್ ಕೆಳಗಿನ ಡಿವಿಜನ್‌ಗೆ ಬಿತ್ತು. ಅದನ್ನ ಮಾತ್ರ ಅವನು ಹೇಳಲ್ಲ.

– ಒಬ್ಬ ಓದುಗ, ದಾವಣಗೆರೆ