ಮಳೆ ಪುಸ್ತಕದ ಕೊನೆಯ ಹಾಳೆಗೆ

ಇಂಚು ಮಾರಾಯ,

ನಿನಗೆ ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಳ್ಳುತ್ತೀಯ. ನಾಲ್ಕು ಜನರ ಮುಂದೆ ಹೇಳಿದರೆ ನಾಚಿಕೆಗಾದರೂ ಪೂರ್ತಿ ಓದುತ್ತೀಯ ಅಂತ ಇಲ್ಲಿ ಬರೆಯುತ್ತಿದ್ದೇನೆ. ಉಳಿದವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ, ಅಡ್ಡಿಯಿಲ್ಲ.

ನಿನ್ನ ಹೆಂಡತಿಯ ಹೆರಿಗೆ ದಿನ ಸರಿಯಾಗಿ ಕಕ್ಕಡದಲ್ಲೇ, ಕೊಡಗಿನ ಜಡಿಮಳೆಯ ತಿಂಗಳಲ್ಲೇ ಬಂದು ಕೂತಿದೆ. ಹಾಗಾಗಿ ಮೊದಲು ಬಟ್ಟೆ. ಹಳೇ ಕಾಟನ್ ಸೀರೆ, ಪಂಚೆ ಹರಿದು ಹದಿನೈದು ತುಂಡು ಮಾಡಿ ಈ ವಾರವೇ ಒಗೆದಿಡು. ಈಗ ಒಗೆದದ್ದು ಒಣಗಲು ನಾಲ್ಕು ದಿನ ಬೇಕು. ಒಲೆಯ ಅಟ್ಟದ ಮೇಲೆ ಹಾಕಿದರೆ ಹೊಗೆ ವಾಸನೆ ಬರುತ್ತದೆ, ಬರಲಿ. ಆದರೆ ಅರೆ ಒಣಗಿದ ಬಟ್ಟೆ ಬೇಡವೇ ಬೇಡ; ಹುಟ್ಟಿದ ಮಗು ಒದ್ದೆಯಾಗಿರುತ್ತದೆ, ಒರೆಸುವುದು ತಡವಾದರೆ ನಿಮಿಷಗಳಲ್ಲೇ ತಣ್ಣಗಾಗುತ್ತದೆ. ಇಸ್ತ್ರಿ ಹಾಕಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡು. ತಾಯಿ ಕಾರ್ಡ್, ಆಧಾರ್, ಅವಳ ಪಾಸ್‌ಬುಕ್, ಸ್ಕ್ಯಾನ್ ರಿಪೋರ್ಟ್, ರಕ್ತದ ಗುಂಪಿನ ಚೀಟಿ ಎಲ್ಲ ಇನ್ನೊಂದು ಕವರಿನಲ್ಲಿ.

ಇನ್ನು ನಿನ್ನ ಕೆಲಸ. ದಿನಾ ಬೆಳಿಗ್ಗೆ ಮಳೆ ಮಾಪಕದ ನೀರು ಅಳೆದು ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಬರೆಯುತ್ತೀಯಲ್ಲ, ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ಕಾಲಂ ಎಳೆ. ನೋವು ಶುರುವಾದ ಹೊತ್ತು, ಎಷ್ಟು ಸೆಕೆಂಡ್ ಇತ್ತು, ಹಿಂದಿನದಕ್ಕೂ ಇದಕ್ಕೂ ಎಷ್ಟು ನಿಮಿಷ. ಎಲ್ಲರೂ ಎಡವುವುದು ಮೂರನೆಯದರಲ್ಲಿ. ಒಂದು ನೋವು ಶುರುವಾದಲ್ಲಿಂದ ಇನ್ನೊಂದು ಶುರುವಾಗುವವರೆಗೆ ಎಣಿಸಬೇಕು, ನಿಂತಲ್ಲಿಂದ ಅಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡು. ಮೂಗಿನ ತುದಿಯಷ್ಟು ಗಟ್ಟಿ ಇದ್ದರೆ ಸಣ್ಣ ನೋವು, ಗದ್ದದಷ್ಟಿದ್ದರೆ ನಡುವಿನದು, ಹಣೆಯಷ್ಟು ಗಟ್ಟಿಯಾದರೆ ಕೆಲಸ ಮಾಡುವ ನೋವು.

ಚೊಚ್ಚಲಲ್ಲಿ ಈ ಬಂದು ಹೋಗುವ ಆಟ ಇಡೀ ಒಂದು ದಿನ ನಡೆದರೂ ಅದು ತೊಂದರೆಯಲ್ಲ. ಅವಳು ಗಂಜಿ ಕುಡಿಯಲಿ, ಜಗುಲಿಯಲ್ಲಿ ಓಡಾಡಲಿ, ನಿದ್ದೆ ಬಂದರೆ ಎಡಮಗ್ಗುಲಲ್ಲಿ ಮಲಗಲಿ. ಅಂಗಾತ ಬೇಡ, ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ಅವಳ ಬಿಪಿ ಇಳಿಯುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕಳಿಸು. ಮೂತ್ರಕೋಶ ತುಂಬಿದ್ದರೆ ಮಗುವಿನ ತಲೆ ಇಳಿಯಲು ದಾರಿ ಸಿಗುವುದಿಲ್ಲ. ಸೊಂಟ ಸೀಳುತ್ತದೆ ಅಂದರೆ ಬೆನ್ನಿನ ಕೆಳಗಿನ ಮೂಳೆಯನ್ನು ಅಂಗೈ ಬುಡದಿಂದ ಒತ್ತಿ ಹಿಡಿ. ನೇವರಿಸುವುದಲ್ಲ, ಒತ್ತುವುದು. ಕಾಫಿ ಮೂಟೆ ಜರುಗಿಸುವ ಕೈ ಕೊನೆಗೂ ಉಪಯೋಗಕ್ಕೆ ಬರಲಿ.

ಐದು ನಿಮಿಷಕ್ಕೊಂದು, ತಲಾ ಒಂದು ನಿಮಿಷ, ಒಂದು ಗಂಟೆ ಹೀಗೇ ಬಂದರೆ ಹೊರಡಿ ಅನ್ನುತ್ತಾರೆ. ಅದು ಟಾರು ರಸ್ತೆಯವರ ಲೆಕ್ಕ. ನಿಮ್ಮ ಲೈನ್ ಮನೆ ಇಳಿಜಾರಿನಲ್ಲಿ ಜೀಪಿಗೆ ಚೈನ್ ಕಟ್ಟಬೇಕು, ದಾರಿಗೆ ಮರ ಬಿದ್ದಿದ್ದರೆ ಗರಗಸ ತರಬೇಕು. ನೀನು ಹತ್ತು ನಿಮಿಷಕ್ಕೊಂದು ಕ್ರಮವಾಗಿ ಬರತೊಡಗಿದಾಗಲೇ ಹೊರಡು. 108ಕ್ಕೆ ಟಾರು ರಸ್ತೆಯ ಗುರುತು ಹೇಳು, ಅಲ್ಲಿವರೆಗೆ ಜೀಪು. ನೀರು ಹೋದರೆ, ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಎಣಿಸುತ್ತಾ ಕೂರಬೇಡ, ಹೊರಡು. ನೀರಿನ ಬಣ್ಣ ನೋಡಿಟ್ಟುಕೋ. ತಿಳಿಯಾಗಿದ್ದರೆ ಸರಿ, ಹಸಿರಾಗಿದ್ದರೆ ಮಗು ಒಳಗೇ ಕಕ್ಕ ಮಾಡಿದೆ, ಆಸ್ಪತ್ರೆಯೊಳಗೆ ಕಾಲಿಟ್ಟ ಕೂಡಲೇ ಅದನ್ನೇ ಮೊದಲು ಹೇಳಬೇಕು.

ಬಣ್ಣ ಅಂದಾಗ ನೆನಪಾಯಿತು. ಕಕ್ಕಡ 18ಕ್ಕೆ ನಿನ್ನತ್ತೆ ಮದ್ದುಸೊಪ್ಪಿನ ಪಾಯಸ ಮಾಡಿಯೇ ಮಾಡುತ್ತಾರೆ. ತಿಂದ ಮರುದಿನ ಮೂತ್ರ ಕೆಂಪಾಗುವುದು ನಮಗೆ ಗೊತ್ತು, ಬಯಲುಸೀಮೆಯಿಂದ ಬಂದ ಹೊಸ ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ. ನೀನು ಎರಡು ಬಟ್ಟಲು ತಿನ್ನು, ಅವಳಿಗೆ ಈ ವರ್ಷ ಬೇಡ. ರಕ್ತವೋ ಮದ್ದೋ ಅಂತ ರಾತ್ರಿ ಎರಡು ಗಂಟೆಗೆ ಪಂಚಾಯಿತಿ ಮಾಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಒಳಗೆ ಹೋದ ಮೇಲೆ ಪರೀಕ್ಷೆ ಮಾಡಿ ‘ಎರಡು ಬೆರಳು’ ಅನ್ನುತ್ತಾರೆ. ಗರ್ಭಕೋಶದ ಬಾಯಿ ಮೂರು ಸೆಂಟಿಮೀಟರಿನ ಆಸುಪಾಸು ತೆರೆದಿದೆ ಅಂತ. ಹತ್ತಾಗಬೇಕು. ಹೆರಿಗೆ ವಾರ್ಡಿನವರಾದ ನಮ್ಮ ಗಡಿಯಾರ ಶುರುವಾಗುವುದು ಐದು ಸೆಂಟಿಮೀಟರಿನಿಂದ. ಅಲ್ಲಿಂದ ಹತ್ತಕ್ಕೆ ಚೊಚ್ಚಲಲ್ಲಿ 12 ಗಂಟೆವರೆಗೂ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೇ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಅವಳ ಗಡಿಯಾರ ಮಾತ್ರ ಹಿಂದಿನ ರಾತ್ರಿಯೇ ಶುರುವಾಗಿರುತ್ತದೆ. ಆ ರಾತ್ರಿಗೆ ನಾವು ಇಟ್ಟ ಹೆಸರು ಸುಳ್ಳು ನೋವು.

ಈ ಹೆಸರು ಈಚೆಗೆ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಓಡಾಡಿದರೆ, ಮಲಗಿದರೆ ತಾನಾಗಿ ನಿಂತುಹೋಗುವ, ಬಾಯಿ ತೆರೆಸದ ನೋವು ಒಂದಿದೆ. ನಿಧಾನಕ್ಕೆ ಬಾಯಿ ಮೆತ್ತಗೆ ಮಾಡುತ್ತಾ ಹೋಗುವ ನೋವು ಬೇರೆ. ಎರಡಕ್ಕೂ ಒಂದೇ ಮಾತು ಆಡುತ್ತೇವೆ. ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಎರಡನೆಯದು ಅಂತ ಗೊತ್ತಿದ್ದೂ ಹೇಳಿದ್ದುಂಟು. ಒಂದು ಹಾಸಿಗೆ ಖಾಲಿ ಉಳಿಯಲಿ ಅಂತ. ಬೆಳಗಿನ ಪಾಳಿಯವರು ನೋಡಿಕೊಳ್ಳಲಿ ಅಂತ. ಮುಖ ನೋಡದೆ ಹೇಳಿದರೆ ಸುಲಭ. ಆಮೇಲೆ ಆ ಹೆಂಗಸು ಕೂಗುವುದಿಲ್ಲ. ನೋವು ಹಾಗೇ ಇರುತ್ತದೆ.

ಇಷ್ಟೆಲ್ಲ ಬರೆಯಲು ಕೂತಿರಲಿಲ್ಲ. ಅಳಿಸಿದರೆ ಏನು ಅಳಿಸಿದೆ ಅಂತ ಕೇಳುತ್ತೀಯ, ಬಿಟ್ಟಿದ್ದೇನೆ.

ನಿನ್ನ ಹಾಳೆ ಅದಕ್ಕೇ ಬೇಕು. ಯಾರಾದರೂ ಸುಳ್ಳು ಅಂದರೆ ಪುಸ್ತಕ ಮುಂದಿಡು. ನೀನು ಯಾವತ್ತಾದರೂ ಸುಳ್ಳು ಮಳೆ ಅಂತ ಬರೆದಿದ್ದೀಯಾ? ಐದು ಸೆಂಟು ಬಿದ್ದರೂ ಐದು ಸೆಂಟು. ಹಾಳೆ ನೋಡಿಯೂ ಸುಳ್ಳು ಅನ್ನುವ ಸಿಸ್ಟರ್ ಇದ್ದರೆ ನನ್ನ ಹೆಸರು ಹೇಳು. ಬೇಡ, ಹೇಳಬೇಡ. ನಾನು ಪತ್ರ ಬರೆದು ಕಣ್ಣೊರೆಸಿಕೊಂಡೆ ಅಂತ ಗೊತ್ತಾದರೆ ವಾರ್ಡಿನಲ್ಲಿ ನನ್ನ ಬಾಯಿಗೆ ಕಾಸಿನ ಬೆಲೆ ಇರುವುದಿಲ್ಲ.

ಮುಂದಕ್ಕೆ ಬಾ. ಎಂಟು, ಒಂಬತ್ತು ಸೆಂಟಿಮೀಟರಿನ ಹೊತ್ತಿಗೆ ನಡುಕ ಬರುತ್ತದೆ, ವಾಂತಿಯಾಗುತ್ತದೆ, ‘ನನ್ನ ಕೈಲಾಗಲ್ಲ, ಮನೆಗೆ ಕರೆದುಕೊಂಡು ಹೋಗಿ, ಕೊಯ್ದು ತೆಗೆಯಿರಿ’ ಅನ್ನುತ್ತಾಳೆ. ಗಂಡಂದಿರ ಧೈರ್ಯ ಮುಗಿಯುವುದು ಅಲ್ಲೇ, ದಾರಿ ಮುಗಿಯುತ್ತಾ ಬಂದಿರುವುದೂ ಅಲ್ಲೇ. ಪೂರ್ತಿ ತೆರೆಯುವ ಮೊದಲು ಮುಕ್ಕಬಾರದು, ಬಾಯಿ ಬಾತುಕೊಳ್ಳುತ್ತದೆ. ತೆರೆದ ಮೇಲೂ ಮೊದಲ ಹೆರಿಗೆಯಲ್ಲಿ ಮೂರು ಗಂಟೆವರೆಗೆ ಹಿಡಿಯಬಹುದು. ಮಗುವಿನ ಎದೆಬಡಿತ 110ರಿಂದ 160ರ ಒಳಗಿದ್ದು, ತಲೆ ಇಳಿಯುತ್ತಿದ್ದರೆ ಕಾಯಬಹುದು. ಬಡಿತ ಇಳಿದು ಮೇಲೇಳದಿದ್ದರೆ, ತಲೆ ಸಿಕ್ಕಿಕೊಂಡರೆ ತಲೆ ಹಿಡಿದೆಳೆಯುವ ವ್ಯಾಕ್ಯೂಮ್ ಅಥವಾ ಸಿಸೇರಿಯನ್. ಸಹಿ ಹಾಕುವಾಗ ನಿಮ್ಮತ್ತೆಯ ಮುಖ ನೋಡಬೇಡ.

ನಿನ್ನನ್ನು ಒಳಗೆ ಬಿಡುವುದು ಅನುಮಾನ. ಹೆರಿಗೆಗೆ ಒಬ್ಬ ಜೊತೆಗಾತಿ ಇರಲಿ ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ, ಆದರೆ ಪರದೆ ಇಲ್ಲದ ಕಡೆ ಗಂಡಸರಿಗೆ ಬಾಗಿಲೇ ಗಡಿ. ಮುಂದಿನ ಚೆಕಪ್ಪಿನಲ್ಲೇ ಕೇಳಿಕೋ.

ಮಗು ಕೈಗೆ ಬಂದಾಗ ತಲೆ ಸೌತೆಕಾಯಿಯ ಹಾಗಿದ್ದರೆ ಹೌಹಾರಬೇಡ. ಅಷ್ಟು ಹೊತ್ತು ಇಕ್ಕಟ್ಟಿನಲ್ಲಿ ತೂರಿ ಬಂದ ತಲೆ, ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ಯಾರೂ ಎಣ್ಣೆ ಹಚ್ಚಿ ತಿದ್ದುವುದು ಬೇಡ. ಕೈಕಾಲು ಮೊದಲ ದಿನ ನೀಲಿ ಇರಬಹುದು, ತುಟಿ ನಾಲಗೆ ಮಾತ್ರ ಕೆಂಪಿರಬೇಕು. ಮಗು ಚೆನ್ನಾಗಿ ಅಳುತ್ತಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಒಂದರಿಂದ ಮೂರು ನಿಮಿಷ ಕಾಯುತ್ತಾರೆ. ತಡ ಅಂತ ಕಿಟಕಿಯಿಂದ ಕೂಗಬೇಡ. ಅವಳಿಗೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತಾರೆ, ರಕ್ತಸ್ರಾವ ತಡೆಯಲು. ಗಂಟೆಯೊಳಗೆ ಎದೆಹಾಲು. ಜೇನು ಬೇಡ, ಬೆಲ್ಲದ ನೀರು ಬೇಡ, ಮೊದಲ 24 ಗಂಟೆ ಸ್ನಾನವೂ ಬೇಡ. ಇದನ್ನು ಅತ್ತೆಗೆ ನೀನೇ ಹೇಳಬೇಕು. ನನ್ನ ಕೈಲಾಗುವುದಿಲ್ಲ.

ಗಂಡಾದರೆ ಕೋವಿಯಲ್ಲಿ ಒಂದು ಗುಂಡು ಅನ್ನುವ ಪದ್ಧತಿಯಲ್ಲಿ ಹೆಣ್ಣಾದರೂ ಹಾರಿಸುತ್ತೇನೆ ಅಂದೆಯಲ್ಲ. ಹಾರಿಸು, ತಾಯಿ ಮಗು ಎದ್ದಿರುವಾಗ. ಆಮೇಲೆ ನನಗೆ ಫೋನ್ ಮಾಡಿ ತೂಕ ಹೇಳು. ಕಿಲೋದಲ್ಲಿ ಮಾರಾಯ, ಇಂಚಿನಲ್ಲಿ ಅಲ್ಲ.

ನಿನ್ನ,
ರಾತ್ರಿಪಾಳಿ